ಮಾತಾಡುವ 8080: ಸಿಮ್ಯುಲೇಟರ್‌ಗೆ ಸಿಪಿ/ಎಂ ಹೆಲ್ಪರ್‌ಗಳನ್ನು ಸೇರಿಸುವುದು ಹೇಗೆ

ಇಂಟೆಲ್ 8080 ಪ್ರೊಸೆಸರ್‌ಗೆ ಸಿಮ್ಯುಲೇಟರ್ ಬರೆಯುವುದು ಈಗ ಅಂಥ ದೊಡ್ಡ ಕೆಲಸವೇನಲ್ಲ. 256 ಆಪ್‌ಕೋಡ್, ಏಳು ರಿಜಿಸ್ಟರ್, ಐದು ಫ್ಲ್ಯಾಗ್, 64 ಕೆಬಿ ಮೆಮೊರಿ. ಡೇಟಾಶೀಟ್ ಪಕ್ಕದಲ್ಲಿಟ್ಟುಕೊಂಡು ಕೂತರೆ ಮುಗಿಯುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಬರೆದದ್ದು ಸರಿಯಿದೆಯಾ ಅಂತ ನೋಡಬೇಕಲ್ಲ, ಅದಕ್ಕೆ ಎಲ್ಲರೂ ಬಳಸುವ ಟೆಸ್ಟ್ ಪ್ರೋಗ್ರಾಮ್‌ಗಳು ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂಗಾಗಿ ಬರೆದವು. ಸ್ಕ್ರೀನಿಗೆ ಒಂದಕ್ಷರ ಹಾಕಬೇಕಾದರೂ ಅವು 0005ನೇ ಅಡ್ರೆಸ್ಸಿಗೆ ಕಾಲ್ ಮಾಡುತ್ತವೆ. ನಿಮ್ಮ ಸಿಮ್ಯುಲೇಟರಿನಲ್ಲಿ ಆ ಜಾಗದಲ್ಲಿ ಏನೂ ಇಲ್ಲ.

ಏನೂ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ನೋಡುವಂಥದ್ದು. ಖಾಲಿ ಮೆಮೊರಿಯಲ್ಲಿ ಎಲ್ಲ ಕಡೆ 00 ಇರುತ್ತದೆ. 8080ಗೆ 00 ಅಂದರೆ ನೋಪ್, ಸುಮ್ನೆ ಮುಂದೆ ಹೋಗು ಅಂತ. ಪ್ರೋಗ್ರಾಮ್ 0005ಕ್ಕೆ ಕಾಲ್ ಮಾಡಿದ ಕೂಡಲೇ ಪ್ರೊಸೆಸರ್ ನೋಪ್‌ಗಳ ಮೇಲೆ ಜಾರುತ್ತಾ ಜಾರುತ್ತಾ 0100ಕ್ಕೆ ಬಂದು ನಿಲ್ಲುತ್ತದೆ. ಸಿಪಿ/ಎಂ ಪ್ರೋಗ್ರಾಮ್ ಶುರುವಾಗುವುದೇ 0100ರಿಂದ. ಅಂದರೆ ಅದೇ ಪ್ರೋಗ್ರಾಮ್ ಮೊದಲಿನಿಂದ ಓಡುತ್ತದೆ, ಮತ್ತೆ ಕಾಲ್, ಮತ್ತೆ ಜಾರುವುದು. ಸ್ಕ್ರೀನ್ ಮೇಲೆ ಒಂದಕ್ಷರವೂ ಬರುವುದಿಲ್ಲ, ಫ್ಯಾನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ನಿಮ್ಮ ಸಿಮ್ಯುಲೇಟರ್ ಹೀಗೆ ಮಾಡುತ್ತಿದ್ದರೆ ಕೋರ್‌ನಲ್ಲಿ ತಪ್ಪು ಹುಡುಕಲು ಹೋಗಬೇಡಿ. ಬಹುಶಃ ಅದು ಸರಿಯಾಗಿಯೇ ಓಡುತ್ತಿದೆ, ಮಾತಾಡಲು ಬಾಯಿಲ್ಲ ಅಷ್ಟೇ.

ನಿಜವಾದ ಸಿಪಿ/ಎಂ ಅನ್ನೇ ಲೋಡ್ ಮಾಡಿ ಓಡಿಸುವುದೂ ಒಂದು ದಾರಿ. ಅದಕ್ಕೆ ಫ್ಲಾಪಿ ಕಂಟ್ರೋಲರ್, ಡಿಸ್ಕ್ ಇಮೇಜ್, ಬಯಾಸ್ (ಹಾರ್ಡ್‌ವೇರ್ ಜೊತೆ ನೇರವಾಗಿ ಮಾತಾಡುವ ಭಾಗ) ಎಲ್ಲ ಬೇಕು. ಒಂದು ಟೆಸ್ಟ್ ಪ್ರೋಗ್ರಾಮ್ ಓಡಿಸಲು ಅಷ್ಟೆಲ್ಲ ಬೇಕಿಲ್ಲ. ಪ್ರೋಗ್ರಾಮ್ ಕೇಳುವ ನಾಲ್ಕಾರು ಸೇವೆಗಳನ್ನು ಸಿಮ್ಯುಲೇಟರ್ ಕಡೆಯಿಂದಲೇ ಮಾಡಿಕೊಟ್ಟರೆ ಸಾಕು. ಈ ಲೇಖನ ಆ ಹೆಲ್ಪರ್ ರುಟೀನ್‌ಗಳ ಬಗ್ಗೆ.

ಮುಂದೆ ಬರುವ ಅಡ್ರೆಸ್‌ಗಳು ಮತ್ತು ಮೆಮೊರಿಯ ಬೈಟ್‌ಗಳು ಎಲ್ಲ ಹೆಕ್ಸ್‌ನಲ್ಲಿವೆ, ಅಂದರೆ 16ರ ಲೆಕ್ಕದಲ್ಲಿ. ಹೆಲ್ಪರ್ ನಂಬರ್‌ಗಳು ಮತ್ತು ಎಣಿಕೆಗಳು ಮಾಮೂಲಿ ದಶಮಾನದಲ್ಲಿ.

ಮೊದಲು ಒಪ್ಪಂದ ತಿಳಿದುಕೊಳ್ಳಿ

ಸಿಪಿ/ಎಂ ಅನ್ನು 1974ರಲ್ಲಿ ಬರೆದವರು ಗ್ಯಾರಿ ಕಿಲ್ಡಾಲ್. ಅದಕ್ಕೂ ಮುಂಚೆ ಇಂಟೆಲ್‌ಗಾಗಿ ಅವರು ಮಾಡಿಕೊಟ್ಟ ಕೆಲಸಗಳಲ್ಲಿ ಪ್ರೊಸೆಸರ್ ಸಿಮ್ಯುಲೇಟರ್‌ಗಳೂ ಇದ್ದವು. ಅವರ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಪ್ರೋಗ್ರಾಮ್‌ಗಳ ಜೊತೆ ಮಾತಾಡುವ ಭಾಗದ ಹೆಸರು ಬಿಡಾಸ್. ಒಪ್ಪಂದ ಸರಳವಾಗಿದೆ. ಯಾವ ಸೇವೆ ಬೇಕೋ ಅದರ ನಂಬರನ್ನು ಸಿ ರಿಜಿಸ್ಟರಿನಲ್ಲಿ ಇಡಬೇಕು. ಕೊಡಬೇಕಾದದ್ದು ಒಂದು ಬೈಟ್ ಆದರೆ ಇ ರಿಜಿಸ್ಟರಿನಲ್ಲಿ, ಎರಡು ಬೈಟ್ ಅಥವಾ ಅಡ್ರೆಸ್ ಆದರೆ ಡಿಇ ಜೋಡಿಯಲ್ಲಿ. ಆಮೇಲೆ 0005ಕ್ಕೆ ಕಾಲ್. ಉತ್ತರ ಒಂದು ಬೈಟಿನದಾದರೆ ಎ ರಿಜಿಸ್ಟರಿನಲ್ಲಿ, ಎರಡು ಬೈಟಿನದಾದರೆ ಎಚ್‌ಎಲ್ ಜೋಡಿಯಲ್ಲಿ ಬರುತ್ತದೆ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಮೈಕ್ರೋಪ್ರೊಸೆಸರ್ ಲ್ಯಾಬಿನಲ್ಲಿ ಮಾಸ್ಮ್ ಅಸೆಂಬ್ಲರ್ ಹಿಡಿದು 8086 ಪ್ರೋಗ್ರಾಮ್ ಬರೆದವರಿಗೆ ಇದು ಎಲ್ಲೋ ನೋಡಿದ ಹಾಗಿದೆ ಅನಿಸಬಹುದು. ಎಎಚ್‌ಗೆ 9 ಹಾಕಿ, ಸ್ಟ್ರಿಂಗಿನ ಕೊನೆಗೆ ಡಾಲರ್ ಚಿಹ್ನೆ ಇಟ್ಟು, ಇಂಟ್ 21 ಅನ್ನುತ್ತಿದ್ದೆವಲ್ಲ, ಆ 9 ಮತ್ತು ಆ ಡಾಲರ್ ಎರಡೂ ಸಿಪಿ/ಎಂನಿಂದ ಡಾಸ್‌ಗೆ ಬಂದವು. ಬಿಡಾಸ್‌ನಲ್ಲಿ 2ನೇ ನಂಬರ್ ಅಂದರೆ ಇ ರಿಜಿಸ್ಟರಿನ ಅಕ್ಷರ ಪ್ರಿಂಟ್ ಮಾಡು. 9 ಅಂದರೆ ಡಿಇ ತೋರಿಸುವ ಜಾಗದಿಂದ ಡಾಲರ್ ಸಿಗುವವರೆಗೆ ಪ್ರಿಂಟ್ ಮಾಡು. ಹೆಸರಾಂತ ಟೆಸ್ಟ್ ಪ್ರೋಗ್ರಾಮ್‌ಗಳಿಗೆ ಬೇಕಾಗುವುದು ಈ ಎರಡೇ.

ಬೇರೆ ಪ್ರೊಸೆಸರ್ ಸಿಮ್ಯುಲೇಟ್ ಮಾಡುವವರಿಗೂ ಇದೇ ಕಥೆ, ನಂಬರ್‌ಗಳು ಮಾತ್ರ ಬೇರೆ. ರಿಸ್ಕ್-ವಿ ಲಿನಕ್ಸ್‌ನಲ್ಲಿ ಎ7 ರಿಜಿಸ್ಟರಿನಲ್ಲಿ ನಂಬರ್ ಇಟ್ಟು ಇಕಾಲ್ ಮಾಡುತ್ತಾರೆ. 64 ಅಂದರೆ ರೈಟ್, 93 ಅಂದರೆ ಎಕ್ಸಿಟ್. ಮಿಪ್ಸ್ ಕಲಿಸಲು ಬಳಸುವ ಸ್ಪಿಮ್‌ನಲ್ಲಿ 4 ಅಂದರೆ ಸ್ಟ್ರಿಂಗ್ ಪ್ರಿಂಟ್, 10 ಅಂದರೆ ಮುಗಿಸು. ಕೆಳಗಿನ ಹಂತಗಳನ್ನು ಅಲ್ಲಿಗೂ ಒಗ್ಗಿಸಿಕೊಳ್ಳಬಹುದು.

ಟ್ರ್ಯಾಪ್ ಎಲ್ಲಿ ಇಡಬೇಕು

ಪ್ರೋಗ್ರಾಮ್ 0005ಕ್ಕೆ ಬಂದಾಗ ಅದನ್ನು ಹಿಡಿದು ನಿಮ್ಮ ಹೆಲ್ಪರ್‌ಗೆ ಒಪ್ಪಿಸಬೇಕು. ಮೂರು ದಾರಿಗಳಿವೆ.

ಎಲ್ಲಕ್ಕಿಂತ ಸುಲಭದ್ದು, ಪ್ರತಿ ಇನ್‌ಸ್ಟ್ರಕ್ಷನ್‌ಗೂ ಮುಂಚೆ ಪಿಸಿ (ಪ್ರೋಗ್ರಾಮ್ ಕೌಂಟರ್, ಮುಂದೆ ಓಡಬೇಕಾದ ಅಡ್ರೆಸ್ ಇಡುವ ರಿಜಿಸ್ಟರ್) 0005 ಆಗಿದೆಯಾ ಎಂದು ನೋಡುವುದು. ಕೆಲಸ ನಡೆಯುತ್ತದೆ. ಆದರೆ ನೂರಾರು ಕೋಟಿ ಇನ್‌ಸ್ಟ್ರಕ್ಷನ್ ಓಡಿಸುವಾಗ ಪ್ರತಿ ಸಲವೂ ಒಂದು ಹೋಲಿಕೆ ಜಾಸ್ತಿ. ಅದಕ್ಕಿಂತ ಮುಖ್ಯವಾಗಿ, ಸಿಪಿ/ಎಂ ವಿಷಯ ಪ್ರೊಸೆಸರ್ ಕೋರ್‌ನ ಒಳಗೆ ಬಂದು ಕೂತುಬಿಡುತ್ತದೆ. ನಾಳೆ ಅದೇ ಕೋರ್ ಇಟ್ಟುಕೊಂಡು ಆರ್ಕೇಡ್ ಗೇಮ್ ಓಡಿಸಬೇಕು ಅಂದರೆ ಅದನ್ನು ಕಿತ್ತು ಹಾಕಬೇಕು.

ಎರಡನೆಯದು, 8080ರಲ್ಲಿ ಅಧಿಕೃತ ಕೆಲಸವಿಲ್ಲದ ಆಪ್‌ಕೋಡ್ ಒಂದನ್ನು ಎತ್ತಿಕೊಂಡು ಟ್ರ್ಯಾಪ್ ಮಾಡಿಕೊಳ್ಳುವುದು. ಅಂಥವು ಹನ್ನೆರಡು ಇವೆ. ಆದರೆ ನಿಜವಾದ ಚಿಪ್ಪಿನಲ್ಲಿ ಅವೂ ಏನೋ ಒಂದು ಮಾಡುತ್ತವೆ. 08, 10 ಮುಂತಾದವು ನೋಪ್ ಆಗಿ ಓಡುತ್ತವೆ, ಸಿಬಿ ಅನ್ನುವುದು ಜಂಪ್ ಆಗಿ. 8085ರಲ್ಲಂತೂ 20 ಅಂದರೆ ರಿಮ್, 30 ಅಂದರೆ ಸಿಮ್ ಎಂಬ ಅಧಿಕೃತ ಇನ್‌ಸ್ಟ್ರಕ್ಷನ್‌ಗಳೇ ಇವೆ. ಈ ದಾರಿ ನನಗೆ ಇಷ್ಟವಿಲ್ಲ.

ಮೂರನೆಯದು ಔಟ್ ಇನ್‌ಸ್ಟ್ರಕ್ಷನ್. ಪೋರ್ಟ್‌ಗೆ ಬರೆಯುವ ಕೆಲಸ ಹೇಗೂ ಕೋರ್‌ನ ಹೊರಗೆ, ಒಂದು ಕಾಲ್‌ಬ್ಯಾಕ್ ಫಂಕ್ಷನ್ನಿನಲ್ಲಿ ಇರುತ್ತದೆ. ಟ್ರ್ಯಾಪ್ ಜಾಗದಲ್ಲಿ ಔಟ್ 1, ರಿಟರ್ನ್ ಅಂತ ಮೂರು ಬೈಟ್ ಇಟ್ಟರೆ ಆಯಿತು: ಡಿ3 01 ಸಿ9. ಔಟ್ ಓಡಿದಾಗ ನಿಮ್ಮ ಕಾಲ್‌ಬ್ಯಾಕ್‌ಗೆ ಕರೆ ಬರುತ್ತದೆ. ಅಲ್ಲಿ ಸಿ ರಿಜಿಸ್ಟರ್ ನೋಡಿ ಕೆಲಸ ಮಾಡಿ. ಮುಗಿದ ಮೇಲೆ ಸಿ9, ಅಂದರೆ ರಿಟರ್ನ್, ತಾನಾಗಿ ಓಡಿ ಪ್ರೋಗ್ರಾಮನ್ನು ಕಾಲ್ ಮಾಡಿದ ಜಾಗಕ್ಕೆ ಕಳಿಸುತ್ತದೆ. ಸ್ಟ್ಯಾಕ್ ಮುಟ್ಟುವ ಕೆಲಸವೇ ನಿಮಗಿಲ್ಲ. ಕೋರ್‌ನಲ್ಲಿ ಒಂದು ಸಾಲೂ ಬದಲಾಗುವುದಿಲ್ಲ. ಇದನ್ನೇ ಬಳಸೋಣ.

ಈ ಮೂರು ಬೈಟನ್ನು ಸೀದಾ 0005ರಲ್ಲೇ ಇಟ್ಟವರು ಬಹಳ ಜನ. ಅಲ್ಲೊಂದು ಸ್ವಾರಸ್ಯವಿದೆ. ನಿಜವಾದ ಸಿಪಿ/ಎಂನಲ್ಲಿ 0005ರಲ್ಲಿ ಇರುವುದು ಬಿಡಾಸ್‌ಗೆ ಹೋಗುವ ಜಂಪ್. ಹಾಗಾಗಿ 0006, 0007ರಲ್ಲಿ ಬಿಡಾಸ್‌ನ ಅಡ್ರೆಸ್ ಇರುತ್ತದೆ. ಪ್ರೋಗ್ರಾಮ್‌ಗಳು ಆ ಅಡ್ರೆಸ್ಸನ್ನು ಓದಿ 'ನನಗೆ ಇಲ್ಲಿಯವರೆಗೆ ಮೆಮೊರಿ ಇದೆ' ಎಂದು ತಿಳಿದುಕೊಳ್ಳುತ್ತವೆ. 8080ಇಎಕ್ಸ್‌ಎಂ ಎಂಬ ದೊಡ್ಡ ಟೆಸ್ಟ್ ಶುರುವಾದ ಕೂಡಲೇ 0006ರಿಂದ ಆ ಸಂಖ್ಯೆ ಓದಿ ಅದನ್ನೇ ಸ್ಟ್ಯಾಕ್ ಪಾಯಿಂಟರ್ ಮಾಡಿಕೊಳ್ಳುತ್ತದೆ. 0005ರಲ್ಲಿ ಡಿ3 01 ಸಿ9 ಇಟ್ಟಿದ್ದರೆ ಅದು ಓದುವುದು 01 ಮತ್ತು ಸಿ9. 8080ರಲ್ಲಿ ಕೆಳಗಿನ ಬೈಟ್ ಮೊದಲು ಬರುವುದರಿಂದ ಸಿಗುವ ಅಡ್ರೆಸ್ ಸಿ901. ಅದೃಷ್ಟಕ್ಕೆ ಅದು ಮೆಮೊರಿಯ ಮೇಲ್ಭಾಗದಲ್ಲಿ ಖಾಲಿ ಜಾಗ. ಎಲ್ಲ ಸರಿಯಾಗಿ ಓಡುತ್ತದೆ, ಯಾಕೆ ಓಡಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ರಿಟರ್ನ್ ಆಪ್‌ಕೋಡ್ ಸಿ9ರ ಬದಲು 09 ಆಗಿದ್ದಿದ್ದರೆ ಸ್ಟ್ಯಾಕ್ ಬಂದು ಪ್ರೋಗ್ರಾಮಿನ ಮೈಮೇಲೆಯೇ ಕೂರುತ್ತಿತ್ತು.

ಅದೃಷ್ಟ ನಂಬುವುದು ಬೇಡ. 0005ರಲ್ಲಿ ನಿಜವಾದ ಜಂಪ್ ಇಡಿ: ಸಿ3 00 ಎಫ್0, ಅಂದರೆ ಎಫ್000ಕ್ಕೆ ಹೋಗು. ಎಫ್000ದಲ್ಲಿ ಡಿ3 01 ಸಿ9 ಇಡಿ. ಈಗ 0006 ಓದಿದವರಿಗೆ ಎಫ್000 ಅನ್ನುವ ಪ್ರಾಮಾಣಿಕ ಉತ್ತರ ಸಿಗುತ್ತದೆ.

ಇನ್ನೊಂದು ಎಚ್ಚರ. ಪ್ರೋಗ್ರಾಮ್ ತನ್ನದೇ ಕಾರಣಕ್ಕೆ ಪೋರ್ಟ್ 1ಕ್ಕೆ ಬರೆದರೆ? ಆಗಲೂ ನಿಮ್ಮ ಹೆಲ್ಪರ್ ಓಡಿಬಿಡುತ್ತದೆ. ಕಾಲ್‌ಬ್ಯಾಕ್‌ನಲ್ಲಿ ಪಿಸಿ ಎಫ್000 ಅಥವಾ ಅದಕ್ಕಿಂತ ಮೇಲಿದೆಯಾ ಎಂದು ಒಂದು ಸಲ ನೋಡಿ. ಇಲ್ಲದಿದ್ದರೆ ಅದು ಮಾಮೂಲಿ ಔಟ್, ಹೆಲ್ಪರ್‌ಗೆ ಸಂಬಂಧವಿಲ್ಲ.

ಲೋಡ್ ಮಾಡುವುದು, ನಿಲ್ಲಿಸುವುದು

ಸಿಪಿ/ಎಂನ ಕಾಮ್ ಫೈಲಿಗೆ ಹೆಡರ್, ತಲೆಬರಹ ಏನೂ ಇಲ್ಲ. ಫೈಲಿನ ಮೊದಲ ಬೈಟ್ 0100ಕ್ಕೆ, ಎರಡನೆಯದು 0101ಕ್ಕೆ, ಹಾಗೇ ಸಾಲಾಗಿ ತುಂಬಿದರೆ ಲೋಡ್ ಆಯಿತು. ಎಫ್000 ದಾಟುವಷ್ಟು ದೊಡ್ಡ ಫೈಲಾದರೆ ಅಲ್ಲೇ ಬೇಡ ಅಂದುಬಿಡಿ. ಪಿಸಿ 0100 ಮಾಡಿ.

ಪ್ರೋಗ್ರಾಮ್ ಮುಗಿಯುವುದು ಮೂರು ರೀತಿ. 0000ಕ್ಕೆ ಜಂಪ್ ಮಾಡಬಹುದು. 0ನೇ ನಂಬರಿನ ಸೇವೆ ಕೇಳಬಹುದು. ಅಥವಾ ಸುಮ್ನೆ ರಿಟರ್ನ್ ಮಾಡಬಹುದು. ಮೂರನೆಯದನ್ನು ಮರೆಯುವವರು ಜಾಸ್ತಿ. ರಿಟರ್ನ್ ಮಾಡಿದರೆ ಸ್ಟ್ಯಾಕ್‌ನ ಮೇಲೆ ಏನಿದೆಯೋ ಅಲ್ಲಿಗೆ ಹೋಗುತ್ತದೆ. ಆದ್ದರಿಂದ ಶುರುವಿನಲ್ಲೇ ಎಸ್‌ಪಿಯನ್ನು (ಸ್ಟ್ಯಾಕ್ ಪಾಯಿಂಟರ್) ಎಫ್000ಕ್ಕೆ ಇಟ್ಟು, 0000 ಅನ್ನು ಸ್ಟ್ಯಾಕ್‌ಗೆ ಪುಶ್ ಮಾಡಿಡಿ. ಆಗ ರಿಟರ್ನ್ ಕೂಡ 0000ಕ್ಕೇ ಬರುತ್ತದೆ. ಸದ್ಯಕ್ಕೆ 0000ದಲ್ಲಿ 76, ಅಂದರೆ ಪ್ರೊಸೆಸರನ್ನು ನಿಲ್ಲಿಸುವ ಎಚ್‌ಎಲ್‌ಟಿ ಇಟ್ಟರೆ ಸಾಕು. ಅಲ್ಲಿ ಪ್ರೊಸೆಸರ್ ನಿಂತರೆ ಪ್ರೋಗ್ರಾಮ್ ನೆಟ್ಟಗೆ ಮುಗಿಯಿತು. ಬೇರೆಲ್ಲಾದರೂ ನಿಂತರೆ ಯಾವ ಅಡ್ರೆಸ್ಸಿನಲ್ಲಿ ನಿಂತಿತು ಎಂದು ಹೇಳಿ ನಿಲ್ಲಿಸಿ.

ಒಂಬತ್ತು ಬೈಟಿನ ಪ್ರೋಗ್ರಾಮ್

ದೊಡ್ಡ ಟೆಸ್ಟ್‌ಗೆ ಹೋಗುವ ಮುಂಚೆ ಕೈಯಲ್ಲೇ ಒಂದು ಪ್ರೋಗ್ರಾಮ್ ಬರೆಯಿರಿ. 8085 ಕಿಟ್ಟಿನಲ್ಲಿ ಹೆಕ್ಸ್ ಕೀಪ್ಯಾಡ್ ಒತ್ತಿ ಅಭ್ಯಾಸ ಇದ್ದವರಿಗೆ ಇದು ನೀರು ಕುಡಿದ ಹಾಗೆ.

0100: 0ಇ 09 (ಸಿ ರಿಜಿಸ್ಟರ್‌ಗೆ 9)
0102: 11 09 01 (ಡಿಇಗೆ 0109)
0105: ಸಿಡಿ 05 00 (0005ಕ್ಕೆ ಕಾಲ್)
0108: ಸಿ9 (ರಿಟರ್ನ್)
0109: ಇಲ್ಲಿಂದ ಸ್ಟ್ರಿಂಗ್, ಕೊನೆಗೆ 24

24 ಅಂದರೆ ಆಸ್ಕಿಯಲ್ಲಿ ಡಾಲರ್ ಚಿಹ್ನೆ. ಸ್ಟ್ರಿಂಗ್ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಹಾಕಬೇಕು ಅಂತೇನಿಲ್ಲ. 'ನಮಸ್ಕಾರ' ಪದವನ್ನು ಯುಟಿಎಫ್-8ರಲ್ಲಿ ಹಾಕಿ ನೋಡಿ. ನ, ಮ, ಸ, ವಿರಾಮ (ಒತ್ತಕ್ಷರ ಮಾಡುವ ಗುರುತು), ಕ, ದೀರ್ಘ, ರ ಅಂತ ಏಳು ಸಂಕೇತ. ಒಂದೊಂದಕ್ಕೂ ಮೂರು ಬೈಟಿನಂತೆ 21 ಬೈಟ್. 'ನ'ಗೆ ಇ0 ಬಿ2 ಎ8, ವಿರಾಮಕ್ಕೆ ಇ0 ಬಿ3 8ಡಿ, ಹೀಗೆ. ಯುಟಿಎಫ್-8ರಲ್ಲಿ ಕನ್ನಡ ಅಕ್ಷರದ ಯಾವ ಬೈಟೂ 80ಕ್ಕಿಂತ ಕಡಿಮೆ ಇರುವುದಿಲ್ಲ. ಆದ್ದರಿಂದ ನಡುವೆ ಎಲ್ಲೂ 24 ಸಿಕ್ಕಿ ಸ್ಟ್ರಿಂಗ್ ತುಂಡಾಗುವ ಭಯವಿಲ್ಲ. 1974ರ ಪ್ರೊಸೆಸರ್ ನಿಮ್ಮ ಟರ್ಮಿನಲ್ ಮೇಲೆ ಕನ್ನಡದಲ್ಲಿ ನಮಸ್ಕಾರ ಅನ್ನುತ್ತದೆ.

ಇದು ಬರೀ ಮೋಜಿಗಲ್ಲ, ಒಳ್ಳೆಯ ಪರೀಕ್ಷೆ ಕೂಡ. ಕನ್ನಡದ ಬದಲು ಚೌಕ, ಪ್ರಶ್ನೆ ಚಿಹ್ನೆ ಬಂದರೆ ನಿಮ್ಮ 2ನೇ ಅಥವಾ 9ನೇ ಹೆಲ್ಪರ್ ಬೈಟನ್ನು ಎಲ್ಲೋ ಬದಲಾಯಿಸುತ್ತಿದೆ ಅಂತ ಅರ್ಥ. ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ. ಮೇಲಿನ ಬಿಟ್ ಕತ್ತರಿಸಿ 7 ಬಿಟ್ ಮಾಡಿರುತ್ತೀರಿ. ಇಲ್ಲವೇ ನಿಮ್ಮ ಭಾಷೆಯ ಪ್ರಿಂಟ್ ಫಂಕ್ಷನ್ ಒಂದೊಂದು ಬೈಟನ್ನೂ ಪೂರ್ತಿ ಅಕ್ಷರ ಅಂದುಕೊಂಡು ಮತ್ತೆ ಎನ್‌ಕೋಡ್ ಮಾಡುತ್ತಿರುತ್ತದೆ. ಪೈಥಾನ್‌ನಲ್ಲಿ ಎರಡನೆಯದು ಬಹಳ ಮಾಮೂಲಿ. ಔಟ್‌ಪುಟ್ ಅನ್ನು ಬೈಟ್‌ಗಳಾಗಿಯೇ ಬರೆಯಿರಿ. ವಿಂಡೋಸ್‌ನಲ್ಲಿ ಬೈನರಿ ಮೋಡ್‌ಗೆ ಹಾಕದಿದ್ದರೆ 0ಡಿ 0ಎ ಹೋಗಿ 0ಡಿ 0ಡಿ 0ಎ ಆಗುತ್ತದೆ, ಅದನ್ನೂ ನೋಡಿಕೊಳ್ಳಿ.

9ನೇ ಹೆಲ್ಪರ್ ಬರೆಯುವಾಗ ಎರಡು ಬೇಲಿ ಬೇಕು. ಅಡ್ರೆಸ್ ಎಫ್‌ಎಫ್‌ಎಫ್‌ಎಫ್ ದಾಟಿದರೆ 0000ಕ್ಕೆ ತಿರುಗಬೇಕು, ನಿಮ್ಮ ಮೆಮೊರಿ ಅರೇಯ ಹೊರಗೆ ಓದಬಾರದು. ಡಾಲರ್ ಇಲ್ಲದ ಸ್ಟ್ರಿಂಗ್ ಬಂದರೆ 65,536 ಬೈಟ್ ಓದಿದ ಮೇಲೆ ನಿಲ್ಲಿಸಿ ದೂರು ಹೇಳಬೇಕು.

ವಾಪಸ್ ಬರುವಾಗ ಜಾಸ್ತಿ ಒಳ್ಳೆಯವರಾಗಬೇಡಿ

ಹೆಲ್ಪರ್ ಬರೆದವರಲ್ಲಿ ಹೆಚ್ಚಿನವರು ಈ ಭಾಗವನ್ನು ಯೋಚಿಸುವುದೇ ಇಲ್ಲ. ನಿಮ್ಮ ಹೆಲ್ಪರ್ ಪ್ರೊಸೆಸರಿನ ಹೊರಗೆ ಓಡುತ್ತದೆ. ಹಾಗಾಗಿ ಕೆಲಸ ಮುಗಿಸಿ ಬಂದಾಗ ಬಿ, ಸಿ, ಡಿ, ಇ, ಎಚ್, ಎಲ್ ಎಲ್ಲವೂ ಮೊದಲು ಹೇಗಿದ್ದವೋ ಹಾಗೇ ಇರುತ್ತವೆ. ಒಳ್ಳೆಯದೇ ಅಲ್ವಾ? ಅಲ್ಲ. ನಿಜವಾದ ಬಿಡಾಸ್ 8080ರ ಮೇಲೇ ಓಡುವ ಕೋಡ್. ಅದು ಈ ರಿಜಿಸ್ಟರ್‌ಗಳನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ, ಉಳಿಸಿಕೊಡುವ ಮಾತು ಕೊಟ್ಟಿಲ್ಲ. ಬೇಕಿದ್ದರೆ ಪ್ರೋಗ್ರಾಮ್ ತಾನೇ ಕಾಲ್‌ಗೆ ಮುಂಚೆ ಪುಶ್ ಮಾಡಿಟ್ಟುಕೊಳ್ಳಬೇಕು.

ನಿಮ್ಮ ಸಿಮ್ಯುಲೇಟರ್ ಮೇಲೆ ಒಬ್ಬ ವಿದ್ಯಾರ್ಥಿ ಹೊಸ ಪ್ರೋಗ್ರಾಮ್ ಬರೆಯುತ್ತಾನೆ ಅಂದುಕೊಳ್ಳಿ. ಬಿ ರಿಜಿಸ್ಟರಿನಲ್ಲಿ ಎಣಿಕೆ ಇಟ್ಟುಕೊಂಡು ಲೂಪ್ ಒಳಗೆ 2ನೇ ಸೇವೆ ಕರೆಯುತ್ತಾನೆ. ನಿಮ್ಮಲ್ಲಿ ಹತ್ತು ನಕ್ಷತ್ರ ಸರಿಯಾಗಿ ಬರುತ್ತದೆ. ನಿಜವಾದ ಸಿಪಿ/ಎಂ 2.2ನಲ್ಲಿ ಪ್ರತಿ ಕಾಲ್ ಆದ ಮೇಲೂ ಬಿ ರಿಜಿಸ್ಟರ್ 0 ಆಗಿರುತ್ತದೆ. ಅದರಿಂದ ಒಂದು ಕಳೆದರೆ ಎಫ್‌ಎಫ್, ಲೂಪ್ ಯಾವತ್ತೂ ಮುಗಿಯುವುದಿಲ್ಲ. ನಿಮ್ಮ ಒಳ್ಳೆಯತನ ಅವನ ತಪ್ಪನ್ನು ಮುಚ್ಚಿಹಾಕಿತು.

2.2ರ ಬಿಡಾಸ್ ಹೊರಡುವಾಗ ಉತ್ತರವನ್ನು ಎಚ್‌ಎಲ್‌ಗೆ ಹಾಕಿ, ಎಲ್ ಅನ್ನು ಎಗೆ, ಎಚ್ ಅನ್ನು ಬಿಗೆ ನಕಲು ಮಾಡುತ್ತದೆ. ಉತ್ತರವಿಲ್ಲದ ಸೇವೆಯಾದರೆ ಎಲ್ಲ 0. ನಿಮ್ಮ ಹೆಲ್ಪರ್‌ಗಳೆಲ್ಲ ಹೊರಡುವ ಒಂದೇ ಬಾಗಿಲು ಮಾಡಿ, ಅಲ್ಲಿ ಈ ನಾಲ್ಕು ರಿಜಿಸ್ಟರ್ ತುಂಬಿ. ಜೊತೆಗೆ 'ಕಟ್ಟುನಿಟ್ಟು' ಅಂತ ಒಂದು ಆಯ್ಕೆ ಕೊಡಿ. ಅದನ್ನು ಹಾಕಿದರೆ ಸಿ, ಡಿ, ಇ ಮತ್ತು ಫ್ಲ್ಯಾಗ್‌ಗಳಲ್ಲಿ ಬೇಕೆಂದೇ ಕಸ ತುಂಬಿ ಕಳಿಸಬೇಕು. ಇದನ್ನು ಡೀಫಾಲ್ಟ್ ಆಗಿ ಆನ್ ಇಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಕೀಬೋರ್ಡ್

1ನೇ ಸೇವೆ ಒಂದು ಕೀ ಒತ್ತುವವರೆಗೆ ಕಾದು, ಅದನ್ನು ಸ್ಕ್ರೀನ್ ಮೇಲೂ ತೋರಿಸಿ, ಎ ರಿಜಿಸ್ಟರಿನಲ್ಲಿ ಕೊಡುತ್ತದೆ. 11ನೆಯದು ಕೀ ಒತ್ತಿದ್ದಾರೆಯೇ ಎಂದು ಮಾತ್ರ ಹೇಳುತ್ತದೆ, ಕಾಯುವುದಿಲ್ಲ. 10ನೆಯದು ಪೂರ್ತಿ ಒಂದು ಸಾಲು ಓದುತ್ತದೆ. 10ನೆಯದಕ್ಕೆ ಡಿಇ ಒಂದು ಬಫರ್ ತೋರಿಸುತ್ತದೆ. ಅದರ ಮೊದಲ ಬೈಟಿನಲ್ಲಿ ಎಷ್ಟು ಅಕ್ಷರ ಹಿಡಿಯುತ್ತದೆ ಎಂದು ಪ್ರೋಗ್ರಾಮ್ ಬರೆದಿರುತ್ತದೆ, ಎರಡನೆಯದರಲ್ಲಿ ಎಷ್ಟು ಬಂತು ಎಂದು ನೀವು ಬರೆಯಬೇಕು, ಮೂರನೆಯದರಿಂದ ಅಕ್ಷರಗಳು. ಎಂಟರ್ ಕೀಯನ್ನು ಬಫರಿಗೆ ಹಾಕಬಾರದು.

10ನೆಯದನ್ನು ಮೊದಲು ಮಾಡಿ. ಮಾಮೂಲಿ ಸಾಲು ಓದುವ ಫಂಕ್ಷನ್ ಸಾಕು, ಟರ್ಮಿನಲ್ ಸೆಟ್ಟಿಂಗ್ ಮುಟ್ಟಬೇಕಿಲ್ಲ. 1 ಮತ್ತು 11ಕ್ಕೆ ಟರ್ಮಿನಲ್ ಅನ್ನು ರಾ ಮೋಡ್‌ಗೆ ಹಾಕಬೇಕು. ಹಾಕದಿದ್ದರೆ ಎಂಟರ್ ಒತ್ತುವವರೆಗೆ ಏನೂ ಬರುವುದಿಲ್ಲ. ಎಕೋ ಆಫ್ ಮಾಡದಿದ್ದರೆ ಟರ್ಮಿನಲ್ ಒಂದು ಸಲ, ನಿಮ್ಮ ಹೆಲ್ಪರ್ ಒಂದು ಸಲ ತೋರಿಸಿ ಅಕ್ಷರಗಳು ಎರಡೆರಡಾಗಿ ಕಾಣುತ್ತವೆ. ಲಿನಕ್ಸ್‌ನಲ್ಲಿ ಬ್ಯಾಕ್‌ಸ್ಪೇಸ್ 7ಎಫ್ ಆಗಿ ಬರುತ್ತದೆ, ಹಳೆಯ ಪ್ರೋಗ್ರಾಮ್‌ಗಳು 08 ಬಯಸುತ್ತವೆ. ಎಂಟರ್ 0ಎ ಆಗಿ ಬಂದರೆ 0ಡಿ ಮಾಡಿ ಕೊಡಿ. ಇನ್‌ಪುಟ್ ಫೈಲಿನಿಂದ ಬರುತ್ತಿದ್ದು ಮುಗಿದುಹೋದರೆ 1ಎ ಕೊಡಿ, ಸಿಪಿ/ಎಂನಲ್ಲಿ ಪಠ್ಯ ಮುಗಿಯಿತು ಅನ್ನುವುದಕ್ಕೆ ಅದೇ ಗುರುತು.

ಸಿಮ್ಯುಲೇಟರ್ ನಡುವೆ ಸತ್ತರೂ ಟರ್ಮಿನಲ್ ಸೆಟ್ಟಿಂಗ್ ವಾಪಸ್ ಬರುವಂತೆ ಮಾಡಿ. ಇಲ್ಲದಿದ್ದರೆ ಬಳಸುವವರು ಸೆಟ್ಟಿಂಗ್ ಸರಿಮಾಡಲು ಕುರುಡಾಗಿ 'ಎಸ್‌ಟಿಟಿವೈ ಸೇನ್' ಕಮಾಂಡ್ ಟೈಪ್ ಮಾಡಬೇಕಾಗುತ್ತದೆ. ಇನ್ನು ಗೇಮ್‌ಗಳು 11ನೇ ಸೇವೆಯನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕೇಳುತ್ತವೆ. ಸಾಲಾಗಿ ಕೆಲವು ಸಾವಿರ ಸಲ 'ಇಲ್ಲ' ಅಂದ ಮೇಲೆ ಒಂದು ಮಿಲಿಸೆಕೆಂಡ್ ನಿದ್ದೆ ಮಾಡಿದರೆ ಲ್ಯಾಪ್‌ಟಾಪ್ ಬಿಸಿಯಾಗುವುದು ತಪ್ಪುತ್ತದೆ.

ಫೈಲ್ ಬೇಕಿದ್ದರೆ

ಟೆಸ್ಟ್ ಮಾತ್ರ ಓಡಿಸುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಅಸೆಂಬ್ಲರ್, ಎಡಿಟರ್ ಓಡಿಸಬೇಕಾದರೆ ಫೈಲ್ ಸೇವೆಗಳು ಬೇಕು: 15 ತೆರೆಯಲು, 16 ಮುಚ್ಚಲು, 20 ಓದಲು, 21 ಬರೆಯಲು, 22 ಹೊಸದು ಮಾಡಲು, 26 ಓದಿದ ದತ್ತ ಎಲ್ಲಿಗೆ ಬೀಳಬೇಕು ಎಂದು ಹೇಳಲು. ಹೇಳದಿದ್ದರೆ ಅದು 0080ಕ್ಕೆ ಬೀಳುತ್ತದೆ. ಓದುವುದು ಬರೆಯುವುದು ಎಲ್ಲ 128 ಬೈಟಿನ ರೆಕಾರ್ಡ್‌ಗಳಲ್ಲಿ.

ಡಿಇ ತೋರಿಸುವುದು ಎಫ್‌ಸಿಬಿ (ಫೈಲ್ ಕಂಟ್ರೋಲ್ ಬ್ಲಾಕ್) ಎಂಬ 36 ಬೈಟಿನ ಪಟ್ಟಿಯನ್ನು. 0ನೇ ಬೈಟ್ ಡ್ರೈವ್, 1ರಿಂದ 8 ಹೆಸರು, 9ರಿಂದ 11 ಎಕ್ಸ್‌ಟೆನ್ಷನ್, 12 ಎಕ್ಸ್‌ಟೆಂಟ್, 32 ಈಗಿನ ರೆಕಾರ್ಡ್. ಒಂದು ಎಕ್ಸ್‌ಟೆಂಟ್ ಅಂದರೆ 128 ರೆಕಾರ್ಡ್. ಹಾಗಾಗಿ ಫೈಲಿನಲ್ಲಿ ಎಲ್ಲಿದ್ದೇವೆ ಅನ್ನುವುದಕ್ಕೆ ಎಕ್ಸ್‌ಟೆಂಟನ್ನು 128ರಿಂದ ಗುಣಿಸಿ, ರೆಕಾರ್ಡ್ ಕೂಡಿಸಿ, ಮತ್ತೆ 128ರಿಂದ ಗುಣಿಸಬೇಕು.

ತೆರೆದ ಫೈಲಿನ ಹ್ಯಾಂಡಲ್ ಎಲ್ಲಿ ಇಟ್ಟುಕೊಳ್ಳಬೇಕು ಅನ್ನುವುದು ಎಲ್ಲರಿಗೂ ಬರುವ ತಲೆನೋವು. ಎಫ್‌ಸಿಬಿಯ ಅಡ್ರೆಸ್ ನೆನಪಿಟ್ಟುಕೊಂಡರೆ ಆಗುವುದಿಲ್ಲ, ಕೆಲವು ಪ್ರೋಗ್ರಾಮ್‌ಗಳು ಎಫ್‌ಸಿಬಿಯನ್ನು ಬೇರೆ ಜಾಗಕ್ಕೆ ನಕಲು ಮಾಡಿಕೊಂಡು ಮುಂದುವರಿಯುತ್ತವೆ. ಓದಲು ತೆರೆದದ್ದನ್ನು ಮುಚ್ಚುವ ಗೋಜಿಗೇ ಹೋಗದವೂ ಇವೆ. ನೆಟ್ಟಗಿನ ಉಪಾಯ: ಹ್ಯಾಂಡಲ್ ಇಟ್ಟುಕೊಳ್ಳಲೇಬೇಡಿ. ಪ್ರತಿ ಸಲ ಹೆಸರು ನೋಡಿ ತೆರೆಯಿರಿ, ಜಾಗಕ್ಕೆ ಹೋಗಿ, 128 ಬೈಟ್ ಓದಿ, ಮುಚ್ಚಿ. ನಿಧಾನ ಅನಿಸಿದರೂ ಈಗಿನ ಕಂಪ್ಯೂಟರಿನಲ್ಲಿ ಅದು ಫ್ಲಾಪಿಗಿಂತ ಎಷ್ಟೋ ವೇಗ. ಕೊನೆಯ ರೆಕಾರ್ಡ್ ಪೂರ್ತಿ ತುಂಬದಿದ್ದರೆ ಉಳಿದದ್ದಕ್ಕೆ 1ಎ ತುಂಬಿ. ಓದಲು ಏನೂ ಉಳಿಯದಿದ್ದರೆ ಎ ರಿಜಿಸ್ಟರಿನಲ್ಲಿ 1, ಓದಿದರೆ 0. ತೆರೆಯಲು ಫೈಲೇ ಸಿಗದಿದ್ದರೆ ಎಫ್‌ಎಫ್.

ಹೆಸರನ್ನು ಮಾತ್ರ ನಂಬಬೇಡಿ. ಅದು ಮೆಮೊರಿಯಲ್ಲಿರುವ 11 ಬೈಟ್, ಅದರಲ್ಲಿ ಏನು ಬೇಕಾದರೂ ಇರಬಹುದು. ಮೇಲಿನ ಬಿಟ್‌ಗಳಲ್ಲಿ ರೀಡ್-ಓನ್ಲಿಯಂಥ ಗುರುತುಗಳಿರುತ್ತವೆ, ಅವನ್ನು ತೆಗೆದುಹಾಕಿ. ಚುಕ್ಕೆ, ಓರೆಗೆರೆ ಇದ್ದರೆ ತಿರಸ್ಕರಿಸಿ. ಎಲ್ಲ ಫೈಲ್‌ಗಳೂ ಒಂದೇ ಫೋಲ್ಡರಿನೊಳಗೆ ಇರಲಿ. ಎಲ್ಲಿಂದಲೋ ಇಳಿಸಿಕೊಂಡ ಹಳೆಯ ಪ್ರೋಗ್ರಾಮ್ ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಕೈಯಾಡಿಸುವುದು ಬೇಡ.

ಗೊತ್ತಿಲ್ಲದ ನಂಬರ್ ಬಂದಾಗ

ಇಲ್ಲಿ ಸಿಮ್ಯುಲೇಟರ್ ನಿಲ್ಲಬೇಕು, ಜೋರಾಗಿ ಹೇಳಿಕೊಂಡು ನಿಲ್ಲಬೇಕು. ಸುಮ್ನೆ 0 ಕೊಟ್ಟು ಮುಂದೆ ಕಳಿಸಿದರೆ ಪ್ರೋಗ್ರಾಮ್ ಇನ್ನೆಲ್ಲೋ ಬಹಳ ದೂರ ಹೋಗಿ ಕೆಡುತ್ತದೆ. ಅಲ್ಲಿಂದ ಹಿಂದಕ್ಕೆ ಬಂದು ಮೂಲ ಹುಡುಕುವುದು ನರಕ. ಸೇವೆಯ ನಂಬರ್, ಡಿಇ, ಮತ್ತು ಎಲ್ಲಿಂದ ಕರೆದರು ಅನ್ನುವುದನ್ನು ಪ್ರಿಂಟ್ ಮಾಡಿ. ಎಲ್ಲಿಂದ ಅನ್ನುವುದು ಸ್ಟ್ಯಾಕ್‌ನ ಮೇಲಿನ ಎರಡು ಬೈಟಿನಲ್ಲಿದೆ. ಅದರಿಂದ 3 ಕಳೆದರೆ ಕಾಲ್ ಇನ್‌ಸ್ಟ್ರಕ್ಷನ್ ಇರುವ ಅಡ್ರೆಸ್ ಸಿಗುತ್ತದೆ. ಪ್ರೋಗ್ರಾಮ್ ಕಾಲ್ ಬದಲು 0005ಕ್ಕೆ ಜಂಪ್ ಮಾಡಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ.

ಪ್ರತಿ ಸೇವೆಗೂ ಒಂದು ಸಾಲಿನ ಲಾಗ್ ಬರೆಯುವ ಆಯ್ಕೆಯೂ ಇರಲಿ. ಅದು ಸ್ಟ್ಯಾಂಡರ್ಡ್ ಎರರ್‌ಗೆ ಹೋಗಬೇಕು. ಔಟ್‌ಪುಟ್‌ಗೇ ಹೋದರೆ ಪ್ರೋಗ್ರಾಮಿನ ಮಾತು, ನಿಮ್ಮ ಮಾತು ಕಲಸಿಹೋಗುತ್ತವೆ.

ಬಯಾಸ್ ಕರೆಗಳು

ಕೆಲವು ಪ್ರೋಗ್ರಾಮ್‌ಗಳು 0005ರ ಗೊಡವೆಗೇ ಹೋಗದೆ, 0001ರಲ್ಲಿರುವ ಅಡ್ರೆಸ್ ಓದಿ ಸೀದಾ ಬಯಾಸ್ ಪಟ್ಟಿಗೆ ಹಾರುತ್ತವೆ. ಸಿಪಿ/ಎಂ 2.2ರಲ್ಲಿ ಆ ಪಟ್ಟಿಗೆ 17 ಸಾಲು, ಪ್ರತಿ ಸಾಲೂ ಮೂರು ಬೈಟಿನ ಜಂಪ್. ನಮ್ಮ ಔಟ್, ರಿಟರ್ನ್ ಜೋಡಿಯೂ ಸರಿಯಾಗಿ ಮೂರೇ ಬೈಟ್. ಅದು ಅಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಎಫ್200ರಿಂದ ಪಟ್ಟಿ ಶುರುಮಾಡಿ, ಸಾಲಿಗೊಂದು ಪೋರ್ಟ್ ನಂಬರ್ ಕೊಡಿ. 0000ದಲ್ಲಿದ್ದ 76 ತೆಗೆದು ಸಿ3 03 ಎಫ್2 ಹಾಕಿ, ಯಾಕೆಂದರೆ 0001ರಲ್ಲಿರುವುದು ಪಟ್ಟಿಯ ಎರಡನೇ ಸಾಲಿನ, ಅಂದರೆ ವಾರ್ಮ್ ಬೂಟ್‌ನ ಅಡ್ರೆಸ್. ಅಲ್ಲಿಗೆ ಬಂದರೆ ಸಿಮ್ಯುಲೇಟರ್ ನಿಲ್ಲಿಸಿ. ಮೂರನೆಯದು ಕೀ ಇದೆಯಾ, ನಾಲ್ಕನೆಯದು ಕೀ ಓದು, ಐದನೆಯದು ಅಕ್ಷರ ಪ್ರಿಂಟ್ ಮಾಡು. ನೆನಪಿಡಿ, ಬಯಾಸ್‌ನ ಪ್ರಿಂಟ್‌ನಲ್ಲಿ ಅಕ್ಷರ ಇರುವುದು ಸಿ ರಿಜಿಸ್ಟರಿನಲ್ಲಿ, ಇ ರಿಜಿಸ್ಟರಿನಲ್ಲಿ ಅಲ್ಲ. ಡಿಸ್ಕ್ ಸಾಲುಗಳು ಬಂದರೆ ಗೊತ್ತಿಲ್ಲದ ನಂಬರಿನಂತೆಯೇ ನಿಲ್ಲಿಸಿ.

ಟೆಸ್ಟ್‌ಗಳನ್ನು ಓಡಿಸುವ ಕ್ರಮ

ಮೊದಲು ಟಿಎಸ್‌ಟಿ8080. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಸಿಪಿಯು ಈಸ್ ಆಪರೇಷನಲ್ ಅಂತ ಬರಬೇಕು. ಆಮೇಲೆ 8080ಪ್ರಿ. ಕೊನೆಗೆ 8080ಇಎಕ್ಸ್‌ಎಂ. ಇದು ಒಂದೊಂದು ಇನ್‌ಸ್ಟ್ರಕ್ಷನ್ ಗುಂಪನ್ನೂ ಸಾವಿರಾರು ಬೇರೆ ಬೇರೆ ಸಂಖ್ಯೆಗಳ ಮೇಲೆ ಓಡಿಸಿ, ಫಲಿತಾಂಶಗಳ ಸಿಆರ್‌ಸಿ (ತಾಳೆ ನೋಡುವ ಸಂಖ್ಯೆ) ಲೆಕ್ಕ ಹಾಕಿ, ನಿಜವಾದ ಚಿಪ್ಪಿನ ಸಿಆರ್‌ಸಿ ಜೊತೆ ಹೋಲಿಸುತ್ತದೆ. ಇಡೀ ಟೆಸ್ಟ್‌ಗೆ ಸುಮಾರು 2,380 ಕೋಟಿ ಕ್ಲಾಕ್ ಸೈಕಲ್ ಬೇಕು. 2 ಮೆಗಾಹರ್ಟ್ಸ್‌ನ ಅಸಲಿ 8080 ಮೇಲೆ ಅದು ಮೂರು ಗಂಟೆಗೂ ಜಾಸ್ತಿ. ಕಂಪೈಲ್ ಆಗುವ ಭಾಷೆಯಲ್ಲಿ ಬರೆದ ಸಿಮ್ಯುಲೇಟರ್‌ಗೆ ನಿಮಿಷಗಳ ಲೆಕ್ಕ, ಪೈಥಾನಿನದಾದರೆ ಗಂಟೆಗಟ್ಟಲೆ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳಿ. ಹೊಸ ಸಾಲು ಬಂದಾಗಲೆಲ್ಲ ಔಟ್‌ಪುಟ್ ಫ್ಲಶ್ ಮಾಡಿ, ಇಲ್ಲದಿದ್ದರೆ ಓಡುತ್ತಿದೆಯೋ ಸತ್ತಿದೆಯೋ ತಿಳಿಯುವುದಿಲ್ಲ.

ನಮ್ಮಲ್ಲಿ ಬಹಳ ಜನ ಬರೆಯುವುದು 8080 ಅಲ್ಲ, 8085 ಸಿಮ್ಯುಲೇಟರ್. ಅವರು ಈ ಟೆಸ್ಟ್ ಓಡಿಸಿದರೆ ಲಾಜಿಕ್ ಇನ್‌ಸ್ಟ್ರಕ್ಷನ್‌ಗಳ ಸಾಲಿನಲ್ಲಿ ಎರರ್ ಕಾಣುತ್ತಾರೆ, ಕೋಡ್ ಸರಿಯಿದ್ದರೂ. 8085ರಲ್ಲಿ ಎಎನ್‌ಎ (ಆಂಡ್ ಮಾಡುವ ಇನ್‌ಸ್ಟ್ರಕ್ಷನ್) ಆದ ಮೇಲೆ ಆಕ್ಸಿಲರಿ ಕ್ಯಾರಿ ಫ್ಲ್ಯಾಗ್ ಯಾವಾಗಲೂ 1. 8080ರಲ್ಲಿ ಅದು ಎರಡು ಸಂಖ್ಯೆಗಳ 3ನೇ ಬಿಟ್‌ಗಳನ್ನು ಆರ್ ಮಾಡಿದಾಗ ಬರುವ ಬೆಲೆ. ಫ್ಲ್ಯಾಗ್ ಬೈಟಿನ 1 ಮತ್ತು 5ನೇ ಬಿಟ್‌ಗಳೂ ಎರಡು ಚಿಪ್‌ಗಳಲ್ಲಿ ಬೇರೆ ಬೇರೆ. ಕೋರ್‌ನಲ್ಲಿ ಯಾವ ಚಿಪ್ ಎಂದು ಆರಿಸುವ ಒಂದು ಸ್ವಿಚ್ ಇಡಿ. ಮೊದಲು 8080 ಮಾಡಿಕೊಂಡು ಎಲ್ಲ ಸಾಲೂ ಪಾಸ್ ಆಗುವವರೆಗೆ ಸರಿಮಾಡಿ, ಆಮೇಲೆ 8085ಕ್ಕೆ ತಿರುಗಿಸಿ ಓಡಿಸಿ. ಫ್ಲ್ಯಾಗ್ ವ್ಯತ್ಯಾಸದಿಂದ ಬರಬೇಕಾದ ಎರರ್ ಸಾಲುಗಳನ್ನು ಫೈಲಿನಲ್ಲಿ ಬರೆದಿಡಿ. ಮುಂದೆ ಕೋಡ್ ಬದಲಾಯಿಸಿದಾಗಲೆಲ್ಲ ಹೊಸ ಔಟ್‌ಪುಟ್ಟನ್ನು ಆ ಫೈಲಿನ ಜೊತೆ ಹೋಲಿಸಿ ನೋಡಿ.